ಸೌರ ವಿದ್ಯುತ್ ವ್ಯವಸ್ಥೆಗೆ ಸೂಕ್ತ ಇನ್ವರ್ಟರ್

ಲಡಾಖಿನ ಕಣಿವೆಗಳು, ಸುಂದರಬನದ ದ್ವೀಪಗಳು, ಪಶ್ಚಿಮ ಘಟ್ಟಗಳ ಒಂಟಿ ತೋಟದ ಮನೆಗಳು ಮುಂತಾದೆಡೆ ವಿದ್ಯುತ್ ಜಾಲದ ತಂತಿಯನ್ನು ತಲುಪಿಸುವುದು ಸುಲಭವಲ್ಲ. ಅಂತಹ ಸ್ಥಳಗಳಿಗೆ ಸೌರಫಲಕ ಮತ್ತು ಬ್ಯಾಟರಿಗಳನ್ನು ಅವಲಂಬಿಸಿದ ಸ್ವತಂತ್ರ ವ್ಯವಸ್ಥೆಯು ಉಪಯುಕ್ತವಾಗಿದೆ. ದೂರದ ನಗರಗಳಲ್ಲಿ ನೆಲೆಸಿ, ಊರಿನಲ್ಲಿರುವ ಹಿರಿಯರಿಗಾಗಿ ಇಂತಹ ವ್ಯವಸ್ಥೆಯನ್ನು ಮಾಡಿಸುವವರೂ ಉಂಟು. ಫಲಕ ಮತ್ತು ಬ್ಯಾಟರಿಗಳ ಆಯ್ಕೆಯಲ್ಲಿ ವಹಿಸುವ ಎಚ್ಚರಿಕೆಯನ್ನು ಇನ್ವರ್ಟರಿನ ವಿಷಯದಲ್ಲಿಯೂ ವಹಿಸದಿದ್ದರೆ ಹಣ ವ್ಯರ್ಥವಾಗುವುದಲ್ಲದೆ ಉಪಕರಣಗಳೂ ಕೆಡುವ ಸಂಭವವಿದೆ.

ಇನ್ವರ್ಟರಿನ ಕಾರ್ಯ

ಸೌರಫಲಕವು ಉತ್ಪಾದಿಸುವುದು ಮತ್ತು ಬ್ಯಾಟರಿಯು ಒದಗಿಸುವುದು ಒಂದೇ ದಿಕ್ಕಿನಲ್ಲಿ ಹರಿಯುವ ಡಿ.ಸಿ. ವಿದ್ಯುತ್ತನ್ನು. ಮನೆಯ ಸಾಮಾನ್ಯ ಉಪಕರಣಗಳಿಗೆ ಬೇಕಾದುದು 230 ವೋಲ್ಟ್, 50 ಹರ್ಟ್ಸ್‌ನ ಎ.ಸಿ. ವಿದ್ಯುತ್ತು. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಸಾಧನವೇ ಇನ್ವರ್ಟರ್. ಕೆಲವು ಡಿ.ಸಿ. ದೀಪಗಳು ಹಾಗೂ ಒಂದು ಡಿ.ಸಿ. ಫ್ಯಾನು ಸಾಕೆನಿಸುವ ಮನೆಗೆ ಇದರ ಅಗತ್ಯವೇ ಇಲ್ಲ.

ಜಾಲಕ್ಕೆ ಜೋಡಿಸುವ ಇನ್ವರ್ಟರನ್ನು ಇಲ್ಲಿ ಬಳಸಲಾಗದು. ತಂತಿ ದುರಸ್ತಿ ಮಾಡುವವರಿಗೆ ಅಪಾಯವಾಗದಿರಲೆಂದು, ಜಾಲದಲ್ಲಿ ವಿದ್ಯುತ್ತಿಲ್ಲದಾಗ ಅದು ತಾನಾಗಿಯೇ ನಿಂತುಬಿಡುತ್ತದೆ. ಬ್ಯಾಟರಿಯಿಂದ ಸ್ವತಂತ್ರವಾಗಿ ನಡೆಯುವ ಮಾದರಿಯನ್ನೇ ಕೊಳ್ಳತಕ್ಕದ್ದು.

ತರಂಗದ ಸ್ವರೂಪ

ಹೊರಬರುವ ವಿದ್ಯುತ್ತಿನ ತರಂಗವನ್ನು ಅನುಸರಿಸಿ ಇನ್ವರ್ಟರುಗಳಲ್ಲಿ ಮೂರು ಬಗೆಗಳಿವೆ. ಚೌಕ ತರಂಗದ ಮಾದರಿಯು ಅಗ್ಗವಾದರೂ ಸರಳ ಉಪಕರಣಗಳಿಗೆ ಮಾತ್ರ ತಕ್ಕುದು. ಮಾರ್ಪಡಿಸಿದ ಸೈನ್ ತರಂಗದ ಮಾದರಿಯಲ್ಲಿ ಫ್ಯಾನು ಗುಂಯ್‌ಗುಡುವುದುಂಟು. ಮೋಟಾರುಗಳು ಹೆಚ್ಚು ಕಾಯುತ್ತವೆ. ಶುದ್ಧ ಸೈನ್ ತರಂಗವು ಜಾಲದ ವಿದ್ಯುತ್ತನ್ನೇ ಹೋಲುತ್ತದೆ. ರೆಫ್ರಿಜರೇಟರ್, ನೀರಿನ ಪಂಪು, ವೈದ್ಯಕೀಯ ಉಪಕರಣಗಳಿರುವೆಡೆ ಬೆಲೆ ಹೆಚ್ಚಾದರೂ ಇದನ್ನೇ ಆರಿಸುವುದು ಕ್ಷೇಮ.

ಸಾಮರ್ಥ್ಯದ ಲೆಕ್ಕ

ಒಂದು ಮನೆಯಲ್ಲಿ 9 ವ್ಯಾಟಿನ ಐದು ದೀಪಗಳು, 75 ವ್ಯಾಟಿನ ಎರಡು ಫ್ಯಾನುಗಳು, 60 ವ್ಯಾಟಿನ ಟೆಲಿವಿಷನ್, 150 ವ್ಯಾಟಿನ ರೆಫ್ರಿಜರೇಟರ್ ಇವೆಯೆಂದು ಭಾವಿಸೋಣ. ಒಟ್ಟು 405 ವ್ಯಾಟ್. ಆದರೆ ಮೋಟಾರು ಚಾಲನೆಗೊಳ್ಳುವ ಕ್ಷಣದಲ್ಲಿ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ರೆಫ್ರಿಜರೇಟರ್ ಆರು ಪಟ್ಟು ಎಳೆದರೆ ಆ ಕ್ಷಣದ ಬೇಡಿಕೆ 1,155 ವ್ಯಾಟಿಗೇರುತ್ತದೆ. ಆದುದರಿಂದ ನಿರಂತರ ಸಾಮರ್ಥ್ಯದೊಡನೆ ಕ್ಷಣಿಕ ಸಾಮರ್ಥ್ಯವನ್ನೂ ವಿಚಾರಿಸಬೇಕು. ಪೆಟ್ಟಿಗೆಯ ಮೇಲೆ 1,000 ವಿ.ಎ. ಎಂದಿದ್ದು ಪವರ್ ಫ್ಯಾಕ್ಟರ್ 0.8 ಆಗಿದ್ದರೆ, ದೊರೆಯುವುದು 800 ವ್ಯಾಟ್ ಮಾತ್ರ.

ಅಗತ್ಯಕ್ಕಿಂತ ಬಹು ದೊಡ್ಡ ಇನ್ವರ್ಟರೂ ಲಾಭದಾಯಕವಲ್ಲ. ಯಾವ ಉಪಕರಣವೂ ನಡೆಯದಿರುವಾಗಲೂ ಅದು ಬ್ಯಾಟರಿಯನ್ನು ಸ್ವಲ್ಪಸ್ವಲ್ಪವಾಗಿ ಬರಿದು ಮಾಡುತ್ತಿರುತ್ತದೆ. ಇದು 15 ವ್ಯಾಟ್ ಆಗಿದ್ದರೆ ದಿನಕ್ಕೆ 360 ವ್ಯಾಟ್-ಗಂಟೆ ನಷ್ಟ. ಇಷ್ಟರಲ್ಲಿ 9 ವ್ಯಾಟಿನ ದೀಪವೊಂದು 40 ಗಂಟೆ ಬೆಳಗಬಲ್ಲದು.

ಬ್ಯಾಟರಿಯ ವೋಲ್ಟೇಜ್

ಇನ್ವರ್ಟರ್ ಮತ್ತು ಬ್ಯಾಟರಿ ಸಮೂಹದ ವೋಲ್ಟೇಜ್ ಒಂದೇ ಆಗಿರತಕ್ಕದ್ದು. 1,000 ವ್ಯಾಟಿಗೆ 12 ವೋಲ್ಟಿನ ಬ್ಯಾಟರಿಯಿಂದ 83 ಆಂಪಿಯರಿಗೂ ಹೆಚ್ಚು ಪ್ರವಾಹ ಬೇಕಾದರೆ, 24 ವೋಲ್ಟಿನಲ್ಲಿ ಅದರ ಅರ್ಧ ಸಾಕು. ಪ್ರವಾಹ ಕಡಮೆಯಾದಷ್ಟೂ ತಂತಿ ಕಾಯುವುದೂ ಶಕ್ತಿನಷ್ಟವೂ ಕಡಮೆ. ಬ್ಯಾಟರಿಯ ಸಮೀಪದಲ್ಲಿ ತಕ್ಕ ಫ್ಯೂಸ್ ಇರಲೇಬೇಕು.

ಕೊಳ್ಳುವ ಮುನ್ನ ಉಪಕರಣಗಳ ಪಟ್ಟಿಯನ್ನು ಬರೆದಿಟ್ಟುಕೊಂಡು, ಅದನ್ನು ಮಾರಾಟಗಾರರ ಮುಂದಿಡುವುದು ಉತ್ತಮ. ಮನೆಯ ಅಗತ್ಯವನ್ನು ತಿಳಿದು ಆರಿಸಿದ ಇನ್ವರ್ಟರೇ ಬಹುಕಾಲ ಬಾಳುತ್ತದೆ.