ಕೈಗೆಟುಕದ ಸ್ಟಾರ್ಟರ್ ಮೋಟಾರು

ಎಂಜಿನು ತಾನಾಗಿಯೇ ಹೊರಡಲಾರದು. ಅದನ್ನು ಮೊದಲು ತಿರುಗಿಸುವುದು ಸ್ಟಾರ್ಟರ್ ಮೋಟಾರು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರಿನಲ್ಲಿ ಇದು ಎಂಜಿನಿನ ಬಲಬದಿಯ ಹಿಂಭಾಗದಲ್ಲಿ, ಕೆಳಗೆ ಅಡಗಿದೆ. ಹಿಡಿದಿರುವುದು ಎರಡೇ ಬೋಲ್ಟು. ಆದರೆ ಮೇಲಿನದಕ್ಕೆ ಸ್ಪ್ಯಾನರ್ ತಿರುಗಿಸಲು ಜಾಗ ಸಾಲದು. ಮೇಲಿರುವ ಡಿಸ್ಟ್ರಿಬ್ಯೂಟರಿನ ಸ್ಥಾನವನ್ನು ಗುರುತು ಮಾಡಿಕೊಂಡು ಕಳಚಿದರೆ ಉದ್ದನೆಯ ಸಾಕೆಟ್ ಇಳಿಸಬಹುದು.

ಬಿಚ್ಚುವ ಮೊದಲು ಬ್ಯಾಟರಿಯನ್ನೂ ಅದರ ತಂತಿಗಳ ಜೋಡಣೆಯನ್ನೂ ಪರೀಕ್ಷಿಸಿ. ದೋಷ ಅಲ್ಲೇ ಇದ್ದರೆ ಇಷ್ಟು ಶ್ರಮವೇ ಬೇಕಿಲ್ಲ.

ಬ್ಯಾಟರಿಯಿಂದ ಮೋಟಾರಿಗೆ ಬರುವ ದಪ್ಪ ತಂತಿಗೆ ಫ್ಯೂಸ್ ಇಲ್ಲ. ಸ್ಪ್ಯಾನರ್ ಆ ತಂತಿಗೂ ಕಾರಿನ ಮೈಗೂ ಒಟ್ಟಿಗೆ ತಗುಲಿದರೆ ನೂರಾರು ಆಂಪಿಯರ್ ವಿದ್ಯುತ್ ಹರಿದು ಕೈ ಸುಡಬಹುದು. ಹನ್ನೆರಡೇ ವೋಲ್ಟ್ ಎಂಬ ಉದಾಸೀನ ಬೇಡ. ಬ್ಯಾಟರಿಯ ಭೂಸಂಪರ್ಕದ ತುದಿಯನ್ನೇ ಮೊದಲು ಬಿಚ್ಚಿ. ಅದೂ ಕಾರಿನ ಮೈಯೂ ಒಂದೇ ಆದ್ದರಿಂದ ಸ್ಪ್ಯಾನರ್ ತಗುಲಿದರೂ ಕಿಡಿ ಹಾರದು. 1967ರವರೆಗಿನ ಕಾರುಗಳಲ್ಲಿ ಅದು ಧನ ತುದಿ, ನಂತರದವುಗಳಲ್ಲಿ ಋಣ ತುದಿ. ಹೊಸ ಮೋಟಾರು ಕೂರಿಸಿದ ಮೇಲೆ ಅದನ್ನು ಕೊನೆಗೆ ಜೋಡಿಸಿ. ಕಾರಿನಡಿ ಹೋಗುವಾಗ ಜಾಕನ್ನಷ್ಟೇ ನಂಬದೆ ಗಟ್ಟಿ ಸ್ಟ್ಯಾಂಡ್ ಇಡುವುದನ್ನು ಮರೆಯದಿರಿ.