‘ದೋಷಪ್ರವಣ’ ಕಿಣ್ವದ ನಿಷ್ಠೆ: ಪಿಒಎಲ್ಎಚ್ ಜೀನಿನ ಕಾರ್ಯ ಮತ್ತು ಪರಿಭಾಷೆ

ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ಸ್ಖಾಲಿತ್ಯಗಳನ್ನು ನಿರ್ಣಯಿಸುವ ಮುನ್ನ ಅವನ ಮುಂದಿದ್ದ ಮಾತೃಕೆಯ ಸ್ಥಿತಿಯನ್ನು ಪರಿಶೀಲಿಸಬೇಕಾಗುತ್ತದೆ. ಸುಸ್ಥಿತಿಯ ಓಲೆಯನ್ನು ತಪ್ಪಾಗಿ ಪ್ರತಿಮಾಡುವುದೂ ಹುಳು ಕೊರೆದ ಎಡೆಯಲ್ಲಿ ಊಹಿಸಿ ಬರೆಯುವುದೂ ಒಂದೇ ಅಲ್ಲ. ಜೀವವಿಜ್ಞಾನದಲ್ಲಿ ‘ದೋಷಪ್ರವಣ’ವೆಂದು ಹೆಸರಾದ ಕಿಣ್ವವೊಂದರ ವಿಷಯದಲ್ಲಿಯೂ ಇದೇ ವಿವೇಚನೆ ಅಗತ್ಯವಾಗುತ್ತದೆ. ಮಾನವನ 6ನೆಯ ವರ್ಣತಂತುವಿನಲ್ಲಿರುವ ಪಿಒಎಲ್ಎಚ್ ಎಂಬ ಜೀನು ಈ ಕಿಣ್ವದ ರಚನೆಗೆ ಆಧಾರವಾಗಿದೆ. 713 ಅಮೈನೊ ಆಮ್ಲಗಳ ಈ ಪ್ರೊಟೀನಿಗೆ ಡಿಎನ್ಎ ಪಾಲಿಮರೇಸ್ ಈಟ ಎಂದು ಹೆಸರು.

ಜೀವಕೋಶವು ವಿಭಜನೆಗೊಳ್ಳುವ ಮೊದಲು ತನ್ನ ಡಿಎನ್ಎಯನ್ನು ಪೂರ್ಣವಾಗಿ ಪ್ರತಿಮಾಡಿಕೊಳ್ಳುತ್ತದೆ. ಈ ಕಾರ್ಯದ ಮುಖ್ಯ ಕಿಣ್ವಗಳು ತಾವು ಸೇರಿಸಿದ ಪ್ರತ್ಯಾಮ್ಲವನ್ನು ತಾವೇ ಪರೀಕ್ಷಿಸಿ, ತಪ್ಪಿದ್ದರೆ ಕಿತ್ತುಹಾಕುತ್ತವೆ. ಆದ್ದರಿಂದ ಅವುಗಳ ತಪ್ಪು ಸುಮಾರು 10 ಲಕ್ಷಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ. ಪಾಲಿಮರೇಸ್ ಈಟಕ್ಕೆ ಇಂತಹ ಕರಡು ತಿದ್ದುವ ಸಾಮರ್ಥ್ಯವಿಲ್ಲ. ಹಾನಿಯಿಲ್ಲದ ಡಿಎನ್ಎಯಲ್ಲಿ ಅದು ಸ್ಥೂಲವಾಗಿ 100ರಿಂದ 1000 ಪ್ರತ್ಯಾಮ್ಲಗಳಿಗೆ ಒಂದು ತಪ್ಪನ್ನು ಮಾಡುತ್ತದೆ. ‘ದೋಷಪ್ರವಣ’ ಎಂಬ ವಿಶೇಷಣಕ್ಕೆ ಇದೇ ಆಧಾರ.

ಬಿಸಿಲಿನ ಅತಿನೇರಳೆ ಕಿರಣಗಳು ಡಿಎನ್ಎಯ ಒಂದೇ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್‌ಗಳನ್ನು ಪರಸ್ಪರ ಬೆಸೆದಾಗ ಪರಿಸ್ಥಿತಿ ಬದಲಾಗುತ್ತದೆ. ಮುಖ್ಯ ಕಿಣ್ವಗಳು ಅಲ್ಲಿ ಮುಂದುವರಿಯಲಾರದೆ ನಿಲ್ಲುತ್ತವೆ. ಲಿಪಿಕಾರನು ಓದಲಾಗದ ಎಡೆಯಲ್ಲಿ ಗ್ರಂಥಪಾತವೆಂದು ಸೂಚಿಸಿ ಮುಂದೆ ಸಾಗಬಹುದು. ಜೀವಕೋಶಕ್ಕೆ ಆ ಅವಕಾಶವಿಲ್ಲ. ಎಳೆಯಲ್ಲಿ ಉಳಿದ ತೆರಪು ಕೋಶದ ನಾಶಕ್ಕೂ ಕಾರಣವಾಗಬಲ್ಲದು. ಆಗ ಪಾಲಿಮರೇಸ್ ಈಟ ಆ ಸ್ಥಾನವನ್ನು ವಹಿಸಿಕೊಳ್ಳುತ್ತದೆ. ಅದರ ಸಕ್ರಿಯ ಸ್ಥಾನವು ವಿಶಾಲವಾಗಿದ್ದು, ಬೆಸೆದ ಎರಡೂ ಥೈಮಿನ್‌ಗಳಿಗೆ ಎಡೆಕೊಡುತ್ತದೆ. ಅವುಗಳ ಎದುರು ಎರಡು ಅಡೆನಿನ್‌ಗಳನ್ನು, ಅಂದರೆ ಬಹುಮಟ್ಟಿಗೆ ಶುದ್ಧಪಾಠವನ್ನೇ, ಕೂಡಿಸಿ, ತುಸು ದೂರ ಸಾಗಿ, ಕೆಲಸವನ್ನು ಮತ್ತೆ ಮುಖ್ಯ ಕಿಣ್ವಗಳಿಗೆ ಒಪ್ಪಿಸುತ್ತದೆ.

ಈ ಕಿಣ್ವದ ಮಹತ್ವ ತಿಳಿದುಬಂದುದು ಅದರ ಅಭಾವದಿಂದ. ಬಿಸಿಲಿಗೆ ಒಡ್ಡಿದ ಚರ್ಮದಲ್ಲಿ ಕಲೆಗಳೂ ಮುಂದೆ ಕ್ಯಾನ್ಸರೂ ಉಂಟಾಗುವ ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ರೋಗಕ್ಕೆ ಡಿಎನ್ಎ ದುರಸ್ತಿಯ ಲೋಪವೇ ಕಾರಣವೆಂದು ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದರು. ಆದರೆ ಕೆಲವು ರೋಗಿಗಳಲ್ಲಿ ಹಾನಿಯನ್ನು ಕತ್ತರಿಸಿ ತೆಗೆಯುವ ವ್ಯವಸ್ಥೆ ಸರಿಯಾಗಿಯೇ ಇದ್ದಿತು. ಅವರಲ್ಲಿ ಹಾನಿಗೊಂಡ ಡಿಎನ್ಎಯ ಪ್ರತೀಕರಣವೇ ಕುಂಠಿತವಾಗಿರುವುದನ್ನು ಅಲನ್ ಲೇಮನ್ ಮತ್ತು ಸಂಗಡಿಗರು 1975ರಲ್ಲಿ ಗುರುತಿಸಿದರು. 1999ರಲ್ಲಿ ಜಪಾನಿನ ಫುಮಿಯೊ ಹನಾವೊಕ ಅವರ ತಂಡವೂ ಅಮೆರಿಕದ ಸತ್ಯ ಪ್ರಕಾಶ್, ಲೂಯಿಸ್ ಪ್ರಕಾಶ್ ಅವರ ತಂಡವೂ ಈ ಪ್ರಭೇದಕ್ಕೆ ಕಾರಣವಾದ ಜೀನನ್ನು ಗುರುತಿಸಿದವು. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದವರಲ್ಲಿ ಈ ಕಿಣ್ವದ ಕೆಲಸ ನಡೆಯುವುದಿಲ್ಲ. ಅದರ ಸ್ಥಾನಕ್ಕೆ ಬರುವ ಇತರ ಕಿಣ್ವಗಳು ಹೆಚ್ಚು ಅಪಪಾಠಗಳನ್ನು ಸೇರಿಸುತ್ತವೆ. ಹೀಗೆ ‘ದೋಷಪ್ರವಣ’ ಕಿಣ್ವ ಇಲ್ಲದಿರುವಾಗಲೇ ದೋಷಗಳು ಹೆಚ್ಚುತ್ತವೆ.

ಅದರ ತಪ್ಪುಗಳೂ ಸರ್ವತ್ರ ಅನಿಷ್ಟವಲ್ಲ. ರೋಗನಿರೋಧಕ ಬಿ ಕೋಶಗಳಲ್ಲಿ ಪ್ರತಿಕಾಯಗಳ ಜೀನುಗಳಿಗೆ ಅದು ತರುವ ವ್ಯತ್ಯಾಸಗಳಿಂದ ರೋಗಾಣುವಿಗೆ ಹೆಚ್ಚು ಬಿಗಿಯಾಗಿ ಅಂಟುವ ಪ್ರತಿಕಾಯಗಳು ದೊರೆಯಬಲ್ಲವು.

ಪರಿಭಾಷೆಯ ದೃಷ್ಟಿಯಿಂದ ಇಲ್ಲಿ ಎರಡು ಅಂಶಗಳು ವಿಚಾರಾರ್ಹ. ಈ ಕಿಣ್ವದ ಕಾರ್ಯವನ್ನು ‘ದುರಸ್ತಿ’ ಎನ್ನುವುದು ಪೂರ್ಣ ಸಮರ್ಪಕವಲ್ಲ. ಬೆಸುಗೆ ಹಾಗೆಯೇ ಉಳಿದಿರುತ್ತದೆ, ಕಿಣ್ವ ಅದನ್ನು ದಾಟುತ್ತದೆ ಅಷ್ಟೆ. ‘ಹಾನಿಲಂಘನ ಪ್ರತೀಕರಣ’ ಎಂಬ ರೂಪ ಅರ್ಥಕ್ಕೆ ಹೆಚ್ಚು ಹತ್ತಿರವಾದುದು. ‘ದೋಷಪ್ರವಣ’ ಎಂಬುದನ್ನು ಬಳಸುವಾಗಲೂ ಯಾವ ಪಾಠದ ಮೇಲೆ ಎಂಬುದನ್ನು ಸೂಚಿಸುವುದು ಅವಶ್ಯ. ಲಿಪಿಕಾರನಂತೆ ಕಿಣ್ವಕ್ಕೆ ಅರ್ಥಜ್ಞಾನವಿಲ್ಲವಾದ್ದರಿಂದ ಈ ಹೋಲಿಕೆಗೆ ಮಿತಿಯುಂಟು. ಆದರೂ ಮಾತೃಕೆಯನ್ನು ಕಾಣದೆ ಪ್ರತಿಕಾರನನ್ನು ದೂಷಿಸಬಾರದೆಂಬ ಗ್ರಂಥಸಂಪಾದನೆಯ ಎಚ್ಚರ ವಿಜ್ಞಾನದ ಪದಗಳನ್ನು ಕನ್ನಡಕ್ಕೆ ತರುವವರಿಗೂ ಸಲ್ಲುತ್ತದೆ.