ಹವ್ಯಾಸಕ್ಕೆ ಡ್ರೋನ್: ಮೊದಲ ಹಾರಾಟಕ್ಕೆ ಮುನ್ನ

ಹವ್ಯಾಸಕ್ಕೆ ಹಾರಿಸುವ ಡ್ರೋನ್ ಸಾಮಾನ್ಯವಾಗಿ ನಾಲ್ಕು ಪ್ರೊಪೆಲ್ಲರ್‌ಗಳ ಪುಟ್ಟ ಯಂತ್ರ. ಅದರ ನಾಲ್ಕು ಮೋಟಾರ್‌ಗಳಲ್ಲಿ ಎರಡು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದರೆ, ಉಳಿದೆರಡು ಅದಕ್ಕೆ ವಿರುದ್ಧವಾಗಿ ತಿರುಗುತ್ತವೆ. ಇದರಿಂದಾಗಿ ಯಂತ್ರ ತನ್ನ ಸುತ್ತ ತಾನೇ ಬುಗುರಿಯಾಡದೆ ನಿಲ್ಲುತ್ತದೆ. ನಾಲ್ಕೂ ಒಟ್ಟಿಗೆ ವೇಗ ಹೆಚ್ಚಿಸಿದರೆ ಡ್ರೋನ್ ಏರುತ್ತದೆ. ಹಿಂದಿನ ಎರಡರ ವೇಗ ಹೆಚ್ಚಿದರೆ ಮೂತಿ ಬಾಗಿ ಮುಂದೆ ಸಾಗುತ್ತದೆ. ಒಳಗಿರುವ ಫ್ಲೈಟ್ ಕಂಟ್ರೋಲರ್ ಎಂಬ ಚಿಕ್ಕ ಕಂಪ್ಯೂಟರ್ ವಾಲುವಿಕೆಯನ್ನು ಸೆನ್ಸರ್‌ಗಳ ಮೂಲಕ ಅಳೆದು, ಪ್ರತಿ ಕ್ಷಣವೂ ಮೋಟಾರ್‌ಗಳ ವೇಗವನ್ನು ಸರಿಪಡಿಸುತ್ತಿರುತ್ತದೆ. ಜಿಪಿಎಸ್ ಇರುವ ಡ್ರೋನ್ ಗಾಳಿ ತಳ್ಳಿದರೂ ತನ್ನ ಜಾಗಕ್ಕೆ ಮರಳಲು ಯತ್ನಿಸುತ್ತದೆ. ಜಿಪಿಎಸ್ ಇಲ್ಲದ್ದು ಗಾಳಿಯೊಂದಿಗೆ ಸರಿದುಹೋಗುತ್ತದೆ.

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ತೂಕ. 2021ರ ಆಗಸ್ಟ್ 25ರಂದು ಪ್ರಕಟವಾದ ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳು ಡ್ರೋನ್‌ಗಳನ್ನು ಹೊತ್ತ ಹೊರೆಯೂ ಸೇರಿದ ಒಟ್ಟು ತೂಕದ ಮೇಲೆ ವಿಂಗಡಿಸುತ್ತವೆ. 250 ಗ್ರಾಂವರೆಗಿನದು ನ್ಯಾನೋ. ಅದಕ್ಕಿಂತ ಹೆಚ್ಚಿದ್ದು 2 ಕಿಲೋ ಮೀರದಿದ್ದರೆ ಮೈಕ್ರೋ. ಅಲ್ಲಿಂದ 25 ಕಿಲೋವರೆಗಿನದು ಸ್ಮಾಲ್. ಹೊಸಬರಿಗೆ ನ್ಯಾನೋ ಸಾಕು. ಹಗುರವಾದ ಯಂತ್ರ ಬಿದ್ದಾಗ ತನಗೂ ಪರರಿಗೂ ಮಾಡುವ ಹಾನಿ ಕಡಿಮೆ, ಕಾನೂನಿನ ವಿಧಿಗಳೂ ಕಡಿಮೆ. ಮೊದಲ ಡ್ರೋನಿಗೆ ಪ್ರೊಪೆಲ್ಲರ್ ಸುತ್ತ ರಕ್ಷಣಾ ಬಳೆ ಇರಬೇಕು, ಬಿಡಿಭಾಗಗಳು ಸುಲಭವಾಗಿ ಸಿಗುವಂತಿರಬೇಕು. ಒಳ್ಳೆಯ ಕ್ಯಾಮೆರಾಕ್ಕೆಂದು ಹೆಚ್ಚು ಹಣ ಸುರಿಯುವುದು ಕೈ ಪಳಗಿದ ಮೇಲೆ ಆಗಬೇಕಾದ ಕೆಲಸ. 2022ರ ಫೆಬ್ರುವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧವಿದೆ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಬಳಕೆಗೆ ಮಾತ್ರ ವಿನಾಯಿತಿ, ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ಹೊರದೇಶದಿಂದ ಬರುವ ನೆಂಟರ ಕೈಯಲ್ಲಿ ಡ್ರೋನ್ ತರಿಸಿಕೊಳ್ಳಲು ಹೊರಟವರಿಗೆ ಇದು ತಿಳಿದಿರಬೇಕು.

ಡ್ರೋನ್ ಜೊತೆಗೆ ಬೇಕಾದವು ಕೆಲವೇ: ಎರಡು-ಮೂರು ಹೆಚ್ಚುವರಿ ಬ್ಯಾಟರಿ, ಎರಡು ಜೊತೆ ಪ್ರೊಪೆಲ್ಲರ್, ಸಣ್ಣ ಸ್ಕ್ರೂಡ್ರೈವರ್. ಆಟಿಕೆ ದರ್ಜೆಯ ಡ್ರೋನ್ ಒಂದು ಚಾರ್ಜಿಗೆ ಆರರಿಂದ ಹತ್ತು ನಿಮಿಷ ಹಾರುತ್ತದೆ. ಉತ್ತಮ ಕ್ಯಾಮೆರಾ ಡ್ರೋನ್ ಇಪ್ಪತ್ತರಿಂದ ಮೂವತ್ತು ನಿಮಿಷ. ಇವುಗಳ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಎಚ್ಚರದಿಂದ ಬಳಸಬೇಕು. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಅದನ್ನು ತೀರಾ ಬರಿದು ಮಾಡಿದರೆ ಆಯುಸ್ಸು ಕುಗ್ಗುತ್ತದೆ. ಹಲವು ದಿನ ಬಳಸದಿದ್ದರೆ ಅರ್ಧದಷ್ಟು ಚಾರ್ಜ್‌ನಲ್ಲಿ, ಅಂದರೆ ಸೆಲ್ಲಿಗೆ ಸುಮಾರು 3.8 ವೋಲ್ಟ್‌ನಲ್ಲಿ ಇಡುವುದು ಒಳ್ಳೆಯದು. ಚಾರ್ಜಿಗೆ ಹಾಕಿ ಮಲಗುವುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟುಹೋಗುವುದು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸುವುದು ಬೆಂಕಿಗೆ ದಾರಿ.

ನಿಯಮ ಮತ್ತು ಆಕಾಶದ ನಕ್ಷೆ

ಡ್ರೋನನ್ನು ಸರ್ಕಾರದ ಡಿಜಿಟಲ್ ಸ್ಕೈ ವ್ಯವಸ್ಥೆಯಲ್ಲಿ ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕೆಂಬುದು ನಿಯಮ. 2021ರ ನಿಯಮಗಳಲ್ಲಿ ಇದಕ್ಕೆ ಗೊತ್ತುಮಾಡಿದ ಶುಲ್ಕ 100 ರೂಪಾಯಿ. ನ್ಯಾನೋ ಹಾರಿಸಲು, ಮತ್ತು ವಾಣಿಜ್ಯೇತರ ಉದ್ದೇಶಕ್ಕೆ ಮೈಕ್ರೋ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಅದೇ ಮೈಕ್ರೋ ಡ್ರೋನಿನಲ್ಲಿ ಹಣ ಪಡೆದು ಮದುವೆಯ ವಿಡಿಯೊ ಮಾಡುವುದಾದರೆ ಸರ್ಟಿಫಿಕೇಟ್ ಕಡ್ಡಾಯ. ಹತ್ತನೇ ತರಗತಿ ಪಾಸಾದ, 18ರಿಂದ 65ರೊಳಗಿನ ವಯಸ್ಸಿನವರು ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಮುಗಿಸಿ ಇದನ್ನು ಪಡೆಯಬಹುದು. ನಿಯಮ ಮೀರಿದವರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಎಲ್ಲಿ ಹಾರಿಸಬಹುದು ಎಂಬುದನ್ನು 2021ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ವಾಯುಪ್ರದೇಶದ ನಕ್ಷೆ ಮೂರು ಬಣ್ಣಗಳಲ್ಲಿ ತೋರಿಸುತ್ತದೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಪೂರ್ವಾನುಮತಿ ಬೇಡ. ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. ಹಳದಿ ವಲಯದಲ್ಲಿ ವಾಯುಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಹಾರಿಸುವಂತಿಲ್ಲ.

ಉದಾಹರಣೆಗೆ, ಹಾಸನ ಜಿಲ್ಲೆಯಲ್ಲಿ ಈ ನಕ್ಷೆಯನ್ನು ನೋಡಿಯೇ ಹೊರಡಬೇಕು. ಹಾಸನದಲ್ಲಿ ಇಸ್ರೋದ ಉಪಗ್ರಹಗಳನ್ನು ನಿಯಂತ್ರಿಸುವ, 1982ರಲ್ಲಿ ಆರಂಭವಾದ ಕೇಂದ್ರವಿದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟಿದೆ. ಬೂವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಶುರುಮಾಡಿದರೆ ಸುತ್ತಲಿನ ಊರುಗಳ ಮೇಲಿನ ಬಣ್ಣವೂ ಬದಲಾಗುತ್ತದೆ. ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅವರಿಗಿಂತ ಮೇಲಿನ ಅಧಿಕಾರಿಯ ಮೂಲಕ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಲೂ ಅವಕಾಶವಿದೆ. ಹಾಸನಾಂಬ ಜಾತ್ರೆಯಂತೆ ಜನ ಕಿಕ್ಕಿರಿಯುವ ದಿನಗಳಲ್ಲಿ ಘೋಷಣೆ ಇರಲಿ, ಇಲ್ಲದಿರಲಿ, ತಲೆಗಳ ಮೇಲೆ ಡ್ರೋನ್ ಹಾರಿಸಬಾರದು.

ಹಾಸನದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಮೊಸಳೆ ಗ್ರಾಮ ಇನ್ನೊಂದು ಎಚ್ಚರವನ್ನು ಕಲಿಸುತ್ತದೆ. ಹೊಯ್ಸಳ ಎರಡನೇ ವೀರಬಲ್ಲಾಳನ ಕಾಲದ, ಸುಮಾರು ಕ್ರಿ.ಶ. 1200ರ ನಾಗೇಶ್ವರ ಮತ್ತು ಚೆನ್ನಕೇಶವ ದೇವಾಲಯಗಳು ಅಲ್ಲಿ ಅಕ್ಕಪಕ್ಕ ನಿಂತಿವೆ. ಒಂದೇ ಅಚ್ಚಿನಂತಿರುವ ಈ ಜೋಡಿಯನ್ನು ಮೇಲಿನಿಂದ ಚಿತ್ರಿಸುವ ಆಸೆ ಯಾರಿಗಾದರೂ ಹುಟ್ಟುವಂಥದ್ದೇ. ಆದರೆ ಸಂರಕ್ಷಿತ ಸ್ಮಾರಕದ ಮೇಲೆ ಡ್ರೋನ್ ಹಾರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಿಡಿತ ತಪ್ಪಿದ ಡ್ರೋನ್ ಬಡಿದು ಮೃದು ಬಳಪದ ಕಲ್ಲಿನ ಕುಸುರಿ ಮುಕ್ಕಾದರೆ ಅದನ್ನು ಮತ್ತೆ ಕೂಡಿಸಲಾಗದು. ದೇವಾಲಯದ ಅಂಗಳ ಕಲಿಕೆಯ ಜಾಗವಲ್ಲ.

ಜಾಗ, ಹವೆ, ಅಭ್ಯಾಸ

ಕಲಿಯಲು ತಕ್ಕ ಜಾಗವೆಂದರೆ ಕೊಯ್ಲಾದ ಹೊಲ ಅಥವಾ ಖಾಲಿ ಆಟದ ಮೈದಾನ. ಹೊಲದ ಮಾಲೀಕರನ್ನು ಕೇಳಿ ಇಳಿಯಬೇಕು. ಮುಸುಕಿನ ಜೋಳ ಆಳೆತ್ತರ ನಿಂತಿರುವಾಗ ಬಿದ್ದ ಡ್ರೋನನ್ನು ಹುಡುಕುವುದು ಕಷ್ಟ, ಬೆಳೆಯೂ ತುಳಿತಕ್ಕೆ ಸಿಗುತ್ತದೆ. ವಿದ್ಯುತ್ ತಂತಿ, ಹೆದ್ದಾರಿ, ಮೊಸಳೆ ಹೊಸಹಳ್ಳಿಯ ಮೂಲಕ ಸಾಗುವ ಹಾಸನ–ಮೈಸೂರು ರೈಲುಮಾರ್ಗ, ಇವುಗಳಿಂದ ದೂರವಿರಬೇಕು. ಮನೆಯ ತಾರಸಿ ಅನುಕೂಲವೆನಿಸಿದರೂ ಕಾಂಕ್ರೀಟಿನೊಳಗಿನ ಕಬ್ಬಿಣ ಡ್ರೋನಿನ ದಿಕ್ಸೂಚಿಯನ್ನು ಕೆಡಿಸಬಲ್ಲದು. ಕಾರಿನ ಬಾನೆಟ್ಟಿನದೂ ಇದೇ ಕಥೆ. ನೆರೆಮನೆಯ ಹಿತ್ತಿಲು, ಕೆರೆಯ ಸೋಪಾನ, ಹೆಂಗಸರು ಕೆಲಸ ಮಾಡುವ ಜಾಗಗಳ ಮೇಲೆ ಕ್ಯಾಮೆರಾ ತಿರುಗಿಸುವುದು ಅನುಚಿತ, ಕೆಲವೊಮ್ಮೆ ಅಪರಾಧ ಕೂಡ.

ಮುಂಗಾರಿನ ತಿಂಗಳುಗಳ ಬಿರುಗಾಳಿ-ಮಳೆ ಹೊಸಬರಿಗಲ್ಲ. ಮಂಜು ಕರಗಿದ ಬೆಳಗ್ಗೆ, ಗಾಳಿ ಏಳುವ ಮುನ್ನ ಹಾರಿಸುವುದು ಉತ್ತಮ. ಹದ್ದು, ಗರುಡಗಳು ಡ್ರೋನಿಗೆ ಎರಗುವುದುಂಟು. ಅವು ಸುತ್ತತೊಡಗಿದರೆ ಇಳಿಸಿಬಿಡಬೇಕು.

ಹೆಚ್ಚಿನ ರಿಮೋಟ್‌ಗಳಲ್ಲಿ ಎಡ ಸ್ಟಿಕ್ ಏರಿಳಿತಕ್ಕೆ ಮತ್ತು ಮೂತಿ ತಿರುಗಿಸಲು. ಬಲ ಸ್ಟಿಕ್ ಮುಂದೆ-ಹಿಂದೆ, ಎಡ-ಬಲಕ್ಕೆ ಸರಿಸಲು. ಮೊದಲು ಡ್ರೋನಿನ ಬಾಲ ತನ್ನ ಕಡೆಗಿರುವಂತೆ ನಿಲ್ಲಿಸಿ, ಒಂದೂವರೆ ಮೀಟರ್ ಎತ್ತರದಲ್ಲಿ ಅಲುಗಾಡದೆ ನಿಲ್ಲಿಸುವುದನ್ನು ಕಲಿಯಬೇಕು. ಆಮೇಲೆ ಚೌಕಾಕಾರದ ಸಂಚಾರ, ಅನಂತರ ಮೂತಿ ತನ್ನತ್ತ ತಿರುಗಿಸಿ ಅದೇ ಅಭ್ಯಾಸ. ಹೊಸಬರು ಎಡವುವುದು ಇಲ್ಲಿಯೇ: ಮೂತಿ ಎದುರಾದಾಗ ಎಡ-ಬಲ ಅದಲುಬದಲಾಗುತ್ತದೆ. ಇದು ಕೈಗೆ ಬಂದ ಮೇಲೆ ಎಂಟರ ಆಕಾರದ ಹಾರಾಟ. ಕಂಪ್ಯೂಟರ್ ಅಥವಾ ಮೊಬೈಲಿನ ಸಿಮ್ಯುಲೇಟರಿನಲ್ಲಿ ಮೊದಲು ಪಳಗಿದರೆ ಪ್ರೊಪೆಲ್ಲರ್ ಖರ್ಚು ಉಳಿಯುತ್ತದೆ.

ಜಿಪಿಎಸ್ ಡ್ರೋನಿನಲ್ಲಿ ಹೊರಟ ಜಾಗಕ್ಕೆ ತಾನೇ ಮರಳುವ ಸೌಲಭ್ಯವಿರುತ್ತದೆ. ಅದು ಯಾವ ಎತ್ತರದಲ್ಲಿ ಮರಳಬೇಕೆಂದು ಮೊದಲೇ ಹೊಂದಿಸಬೇಕು. ತೆಂಗಿನ ಮರ 20 ಮೀಟರ್ ದಾಟಿ ಬೆಳೆಯಬಲ್ಲದಾದ್ದರಿಂದ, ತೋಟಗಳ ಸೀಮೆಯಲ್ಲಿ ಅತಿ ಎತ್ತರದ ಮರ, ಟವರಿಗಿಂತ ಹತ್ತು ಮೀಟರಾದರೂ ಮೇಲಿನ ಎತ್ತರ ಬೇಕು. ಹೊರಡುವ ಮುನ್ನ ಪ್ರೊಪೆಲ್ಲರ್‌ಗಳು ಬಿಗಿಯಾಗಿವೆಯೇ, ಸೀಳಿಲ್ಲವೇ, ಬ್ಯಾಟರಿ ಸರಿಯಾಗಿ ಕೂತಿದೆಯೇ, ಉಪಗ್ರಹಗಳ ಸಂಕೇತ ಸಾಕಷ್ಟು ಸಿಕ್ಕಿದೆಯೇ ಎಂದು ನೋಡಬೇಕು. ಹೋಗುವಾಗ ಗಾಳಿಗೆದುರಾಗಿ ಹೋದರೆ ಬರುವಾಗ ಗಾಳಿಯ ನೆರವು ಸಿಗುತ್ತದೆ. ಬ್ಯಾಟರಿ ಶೇಕಡಾ 30ಕ್ಕೆ ಇಳಿಯುವಷ್ಟರಲ್ಲಿ ಮರಳಬೇಕು. ಡ್ರೋನ್ ಸದಾ ಕಣ್ಣಳತೆಯಲ್ಲಿರಬೇಕು. ಇಳಿದ ಮೇಲೆ ಪ್ರೊಪೆಲ್ಲರ್‌ಗಳು ಪೂರ್ತಿ ನಿಲ್ಲುವವರೆಗೆ ಕೈ ಹಾಕಬಾರದು. ಬಿಸಿಯಾದ ಬ್ಯಾಟರಿಯನ್ನು ತಣಿಯಲು ಬಿಟ್ಟು ಆನಂತರವೇ ಚಾರ್ಜಿಗೆ ಹಾಕಬೇಕು.